ಸೂಗಪ್ಪನ ಅಂಗಡಿಯಲ್ಲಿ ಬೆಳೆದ ಚೈನು

ಸೇಡಂ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸೂಗಪ್ಪನಿಗೆ ಯಂತ್ರಗಳ ವಿಷಯದಲ್ಲಿ ಹತ್ತು ವರ್ಷಗಳ ಅನುಭವವಿತ್ತು. ಅಂದರೆ, ಅವನ ಅಂಗಡಿಯ ಕಟ್ಟೆಯ ಮೇಲೆ ಹತ್ತು ವರ್ಷಗಳಿಂದ ದರ್ಜಿ ಫಕೀರಸಾಬನ ಹೊಲಿಗೆ ಯಂತ್ರ ಓಡುತ್ತಿತ್ತು, ಸೂಗಪ್ಪ ಗಾದಿಯ ಮೇಲೆ ಕೂತು ಅದನ್ನು ನೋಡುತ್ತಿದ್ದ. ಒಂದು ದಿನವೂ ಮುಟ್ಟಿದವನಲ್ಲ. ಆದರೆ ನೋಡಿ ನೋಡಿ ಮನುಷ್ಯನಿಗೆ ಒಂದು ಧೈರ್ಯ ಬಂದುಬಿಡುತ್ತದೆ. ಸೂಗಪ್ಪ ಕೆಟ್ಟದ್ದು ಆ ಧೈರ್ಯದಿಂದಲೇ.

ಮಗಳು ಶರಣಬಸಮ್ಮನಿಗೆ ಶಹಾಬಾದದ, ನೆಲಕ್ಕೆ ಹಾಸುವ ಫರಸಿಕಲ್ಲಿನ ಕಂತ್ರಾಟುದಾರ ಅಮೃತಪ್ಪನ ಮಗನನ್ನು ನೋಡಿದ್ದರು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಹಿರಿಯರು ಒಪ್ಪಿದ್ದರು. ಸಕ್ಕರೆ ಹಂಚಿ ನಿಶ್ಚಯ ಮಾಡುವುದೊಂದು ಬಾಕಿ ಇತ್ತು. ಹೆಣ್ಣು ಹೆತ್ತವರಿಗೆ ಗೊತ್ತು, ಸಕ್ಕರೆ ಬಾಯಿಗೆ ಬೀಳುವವರೆಗೆ ಯಾವ ಸಂಬಂಧವೂ ಸಂಬಂಧವಲ್ಲ. ಸೂಗಪ್ಪನಂತೂ ಆ ಬೀಗರು ಸೀನಿದರೂ ಯಾಕೆ ಸೀನಿದರು ಎಂದು ಎರಡು ದಿನ ಯೋಚಿಸುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅಮೃತಪ್ಪ ಫಟ್‌ಫಟಿ ಮೋಟಾರ್ ಸೈಕಲ್ಲಿನ ಮೇಲೆ ಬಂದಿಳಿದ. ಶಹಾಬಾದದಿಂದ ವಾಡಿ, ಚಿತ್ತಾಪುರ ದಾಟಿ ಬರುವಷ್ಟರಲ್ಲಿ ಅವನ ಮೀಸೆ, ಹುಬ್ಬು, ಕೋಟು ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿದ್ದವು. ಯಾರೋ ನವಾಬರ ಹೊಸ ದಿವಾನಖಾನೆಗೆ ಫರಸಿ ಹಾಸುವ ಮಾತಿಗೆ ಹೈದರಾಬಾದಿಗೆ ಹೊರಟಿದ್ದ. ಮುಂದಿನ ದಾರಿಗೆ ರೈಲು. ಹುಣ್ಣಿಮೆ ಕಳೆದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಗಾಡಿ ನಿಮ್ಮಲ್ಲಿ ಇರಲಿ ಎಂದ.

"ಬೀಗರ, ನಿಮಗ ಮಷೀನಿನ ಕೆಲಸ ಏನರೇ ಗೊತ್ತದೇನ್ರಿ?"

ಸೂಗಪ್ಪ ಫಕೀರಸಾಬನ ಕಡೆಗೊಮ್ಮೆ ನೋಡಿದ. "ಗೊತ್ತದೇನು ಅಂತ ಕೇಳ್ತೀರಲ್ರಿ. ಸಪ್ಪಳ ಕೇಳಿದ್ರ ಸಾಕ್ರಿ, ಮಷೀನಿಗೆ ಏನ್ ಬ್ಯಾನಿ ಅದ ಅಂತ ಇಲ್ಲೇ ಕುಂತು ಹೇಳ್ತೀನಿ."

ಫಕೀರಸಾಬ ತುಳಿಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಹತ್ತು ವರ್ಷದಲ್ಲಿ ತನ್ನ ಯಂತ್ರ ಎಷ್ಟೋ ಸಲ ಕೆಟ್ಟಿತ್ತು. ಆಗೆಲ್ಲ ಸಾವಕಾರರು ಹೇಳಿದ್ದು ಒಂದೇ ಮಾತು: "ಸಪ್ಪಳ ಕಡಿಮಿ ಮಾಡೋ ಮಾರಾಯಾ." ಆದರೆ ಅವನು ಮೆತ್ತಗಿನ ಮನುಷ್ಯ. ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದ.

"ಹಂಗಾದ್ರ ಚಿಂತಿಲ್ಲ" ಎಂದು ಅಮೃತಪ್ಪ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಚೈನಿನ ಒಂದು ಕೊಂಡಿ ಬಿಚ್ಚಿ, ಸೂಗಪ್ಪನ ಹೆಂಡತಿ ನೀಲಾಬಾಯಿ ರೊಟ್ಟಿಹಿಟ್ಟು ನಾದುವ ಪರಾತದಲ್ಲಿ ಚಿಮಣಿ ಎಣ್ಣೆ ಸುರಿಸಿಕೊಂಡು, ಚೈನನ್ನು ಅದರಲ್ಲಿ ಅದ್ದಿ ಉಜ್ಜಿದ. ಮನೆಯೊಡತಿಯ ಮುಖ ಕಪ್ಪಿಟ್ಟಿತು. ಆದರೆ ಬೀಗರು ಪರಾತದಲ್ಲಿ ಕಾಲು ತೊಳೆದರೂ ನಗಬೇಕಾದ ದಿನಗಳು ಅವು. ನೀಲಾಬಾಯಿ ನಕ್ಕಳು.

"ನೋಡ್ರಿ ಬೀಗರ" ಎಂದು ಅಮೃತಪ್ಪ ಪಾಠ ಶುರು ಮಾಡಿದ. "ಗಾಡ್ಯಾಗ ಇಂಜಿನ್ ಇರ್ತದ, ಟಾಯರ್ ಇರ್ತದ, ಆದ್ರ ಜೀವ ಇರೋದು ಚೈನಿನ್ಯಾಗ. ಚಿಮಣಿ ಎಣ್ಣಿಲೆ ಒರಸ್ಬೇಕು, ಒಣಗಿದ ಮ್ಯಾಲ ಮಷೀನಿನ ಎಣ್ಣಿ ಹನಿಹನಿ ಬಿಡ್ಬೇಕು. ಮೈ ತುಂಬ ಸುರದ್ರ ಧೂಳ ಹತ್ತತದ. ನಮ್ಮ ಶಾಬಾದದ ಧೂಳ ಅಂದ್ರ ಕಮ್ಮಾರನ ಕಾನಸು ಇದ್ದಂಗ, ಕೊಂಡಿ ಒಳಗ ಹೊಕ್ಕು ಕಬ್ಬಿಣ ತೇಯ್ತದ. ತೇದಂಗ ತೇದಂಗ ಚೈನು ಬೆಳೀತದ."

"ಬೆಳೀತದಾ?"

"ಬೆಳೀತದ್ರಿ. ಓಡಿದಂಗ ಉದ್ದ ಆಗ್ತದ. ಭಾಳ ಬೆಳೀತಂದ್ರ ಹಲ್ಲಿನ ಚಕ್ರದ ಮ್ಯಾಲಿಂದ ಜಿಗೀತದ. ಅಲ್ಲಿಗೆ ಅದರ ಕತಿ ಮುಗೀತು."

"ಎಷ್ಟು ದಿನ ಬಾಳತದ್ರಿ ಒಂದು ಚೈನು?"

ಅಮೃತಪ್ಪ ಎದ್ದು ನಿಂತು ಕೈ ಒರೆಸಿಕೊಂಡ. "ಅದು ಇಟ್ಟುಕೊಂಡವರ ಕೈಗುಣ ಬೀಗರ. ನನ್ನ ಕೈಯಾಗ ಇದು ಕೂಸು ಬೆಳದಂಗ ಬೆಳದದ. ಒಂದಿನ ತ್ರಾಸು ಕೊಟ್ಟಿಲ್ಲ. ಅದಕ್ಕ ಕಂಡಕಂಡವರ ಮನ್ಯಾಗ ಬಿಡಂಗಿಲ್ಲ. ನಿಮ್ಮ ಮನಿ ಅಂತ ಬಿಡಾಕತ್ತೀನಿ."

ಇದನ್ನು ಹೇಳುವಾಗ ಅವನು ಸೂಗಪ್ಪನ ಮುಖ ನೋಡದೆ ಹಿಂದಿನ ಗಾಲಿಯನ್ನು ನೋಡುತ್ತಿದ್ದ. ಸೂಗಪ್ಪನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಅವನ ಎದೆ ಅಭಿಮಾನದಿಂದ ಉಬ್ಬಿತ್ತು. ಬೀಗರು ಕೈ ತೊಳೆಯಲು ಬಚ್ಚಲಿಗೆ ಹೋದಾಗ ಅವನು ಗಾದಿಯ ಪಕ್ಕದಲ್ಲಿದ್ದ ಗಜದ ಕೋಲನ್ನು ತೆಗೆದುಕೊಂಡು ಚೈನನ್ನು ಅಳೆದ. ಸರಕು ಒಳಗೆ ಬಂತೆಂದರೆ ಅಳೆಯುವುದು ಅವನ ಅಭ್ಯಾಸ. ಸರಿಯಾಗಿ ಒಂದೂವರೆ ಗಜ ಬಂತು.

ಇಲ್ಲಿ ಸೂಗಪ್ಪನ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕೈಗೆ ಎರಡು ನಡೆಗಳಿದ್ದವು. ಕೊಂಡ ಬಟ್ಟೆಯನ್ನು ಅಂಗಡಿಯೊಳಗೆ ಅಳೆದುಕೊಳ್ಳುವಾಗ, ಒಂದು ಗಜ ಮುಗಿದು ಇನ್ನೊಂದು ಗಜ ಶುರುವಾಗುವ ಜಾಗದಲ್ಲಿ ಅವನ ಹೆಬ್ಬೆರಳು ತಾನಾಗಿ ಒಂದು ಬೆರಳಗಲ ಮುಂದಕ್ಕೆ ಜಾರುತ್ತಿತ್ತು. ಅಷ್ಟು ಬಟ್ಟೆ ಲೆಕ್ಕಕ್ಕೆ ಸಿಗದೆ ಒಳಗೆ ಬರುತ್ತಿತ್ತು. ಗಿರಾಕಿಗೆ ಅಳೆದು ಕೊಡುವಾಗ ಅದೇ ಹೆಬ್ಬೆರಳು ಒಂದು ಬೆರಳಗಲ ಹಿಂದಕ್ಕೆ ಜಾರುತ್ತಿತ್ತು. ಅಷ್ಟು ಬಟ್ಟೆ ಎರಡು ಸಲ ಲೆಕ್ಕಕ್ಕೆ ಸಿಕ್ಕು ಅಂಗಡಿಯಲ್ಲೇ ಉಳಿಯುತ್ತಿತ್ತು. ಇದನ್ನು ಮೋಸ ಎಂದರೆ ಸೂಗಪ್ಪನಿಗೆ ಅನ್ಯಾಯವಾದೀತು. ಮೋಸ ಮಾಡುವವನಿಗೆ ಮಾಡುತ್ತಿದ್ದೇನೆಂದು ಗೊತ್ತಿರಬೇಕು. ಸೂಗಪ್ಪನ ಅಪ್ಪ ಚಿಕ್ಕಂದಿನಲ್ಲಿ ಅವನ ಕೈ ಹಿಡಿದು ಅಳೆಯುವುದನ್ನು ಕಲಿಸಿದ್ದ, ಅಪ್ಪನಿಗೆ ಅವನಪ್ಪ ಕಲಿಸಿದ್ದ. ಈಗ ಬೆರಳು ತನ್ನ ಕೆಲಸ ತಾನೇ ಮಾಡಿಕೊಂಡು ಹೋಗುತ್ತಿತ್ತು. ಯಜಮಾನನನ್ನು ಕೇಳುತ್ತಿರಲಿಲ್ಲ.

ಈ ಬೆರಳಿನ ಪಾಪವನ್ನು ಹೊತ್ತವನು ಫಕೀರಸಾಬ. ಎದುರು ಮನೆಯ ಗುಂಡಮ್ಮ ಕುಬಸಕ್ಕೆ ಬಟ್ಟೆ ಕೊಂಡು ಕಟ್ಟೆಯಲ್ಲೇ ಹೊಲಿಯಲು ಕೊಟ್ಟಾಗಲೆಲ್ಲ ತೋಳು ಗಿಡ್ಡವಾಗುತ್ತಿತ್ತು. "ಬಟ್ಟಿ ಕದಿಯೋ ದರ್ಜಿ" ಎಂದು ಅವಳು ಪೇಟೆಗೆಲ್ಲ ಸಾರಿದ್ದಳು. ಅವಳ ಮಾತು ಕೇಳಿ ಫಕೀರಸಾಬ ತಲೆ ತಗ್ಗಿಸುತ್ತಿದ್ದ. ತಲೆ ತಗ್ಗಿಸಿದ್ದೇ ಸಾಕ್ಷಿ ಎಂದು ಸೇಡಂ ತೀರ್ಮಾನಿಸಿತ್ತು.

ಅಮೃತಪ್ಪ ಚೈನು ಕೂಡಿಸಿ ರೈಲಿಗೆ ಹೋದ. ಅಂದಿನಿಂದ ಸೂಗಪ್ಪನ ನೆಮ್ಮದಿಯೂ ಹೋಯಿತು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಕೂಡಲೇ ಹಿತ್ತಲಿಗೆ ಹೋಗಿ ಚೈನು ಒರೆಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಹೋಗಿ ಗಾಡಿಯ ಮೇಲೆ ಧೂಳು ಕೂತಿದೆಯೇ ನೋಡುತ್ತಿದ್ದ. ಗಾಡಿಗೆ ತನ್ನ ಅಂಗಡಿಯ ಒಳ್ಳೆಯ ಮಾದರಪಾಟಿನ ಹೊದಿಕೆ ಹಾಕಿದ. ಹಿತ್ತಲಲ್ಲಿ ಯಾರೂ ಕಸ ಗುಡಿಸಬಾರದು, ಧೂಳೇಳುತ್ತದೆ ಎಂದು ಹುಕುಂ ಹೊರಡಿಸಿದ. ನೀಲಾಬಾಯಿ ಕೈಯಲ್ಲಿ ಪೊರಕೆ ಹಿಡಿದುಕೊಂಡೇ, "ಮಗಳ ಲಗ್ನಕ್ಕ ಮನಿ ಚೊಕ್ಕ ಇರ್ಬೇಕೋ, ಚೈನು ಚೊಕ್ಕ ಇರ್ಬೇಕೋ?" ಎಂದು ಕೇಳಿದಳು. "ಚೈನು ಚೊಕ್ಕ ಇದ್ರಷ್ಟೇ ಲಗ್ನ" ಎಂದು ಸೂಗಪ್ಪ ಹೇಳಿದ. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ.

ಹುಣ್ಣಿಮೆ ಹತ್ತಿರ ಬಂತು. ಬೀಗರಿಗೆ ಒಪ್ಪಿಸುವ ಮೊದಲು ಚೆನ್ನಾಗಿ ತೊಳೆದಿಡೋಣವೆಂದು ಸೂಗಪ್ಪ ಒಂದು ದಿನ ಇಕ್ಕಳ ಹಿಡಿದು, ಬೆವರಿ, ಬೈದುಕೊಂಡು ಕೊಂಡಿ ಬಿಚ್ಚಿದ. ತೊಳೆದ, ಒರೆಸಿದ. "ಬರ್ರಿ ಬೀಗರ, ತಗೋರಿ ನಿಮ್ಮ ಸರಕು, ಹ್ಯಾಂಗ ಕೊಟ್ಟಿದ್ರಿ ಹಂಗ ಅದ" ಎಂದು ಮನಸ್ಸಿನಲ್ಲೇ ಒಪ್ಪಿಸುತ್ತ ಗಜದ ಕೋಲು ಹಿಡಿದು ಅಳೆದ. ಕೊಡುವ ಮನಸ್ಸು, ಕೊಡುವ ಕೈ. ಹೆಬ್ಬೆರಳು ತನ್ನ ಧರ್ಮದಂತೆ ಹಿಂದಕ್ಕೆ ಜಾರಿತು.

ಒಂದೂವರೆ ಗಜದ ಮೇಲೆ ಎರಡು ಬೆರಳು.

"ಅಯ್ಯೋ ನೀಲಾ! ಬೆಳೀತು!"

ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನ್ ಬೆಳೀತ್ರಿ?"

"ಚೈನು! ಎರಡ ಬಟ್ಟು ಬೆಳೆದದ!"

"ಕಬ್ಬಿಣ ಹ್ಯಾಂಗ ಬೆಳೀತದ್ರಿ?"

"ಬೀಗರೇ ಹೇಳಿ ಹೋಗ್ಯಾರ, ಬೆಳೀತದಂತ."

"ಓಡಿದ್ರ ಬೆಳೀತದ ಅಂದಿದ್ರು. ಇದು ನಿಂತಲ್ಲೇ ನಿಂತದಲ್ಲ!"

ಈ ಮಾತು ಹೇಳಿ ನೀಲಾಬಾಯಿ ರೊಟ್ಟಿ ಸುಡಲು ಹೋದಳು. ಸೂಗಪ್ಪ ಚೈನು ಹಿಡಿದುಕೊಂಡು ಅಲ್ಲೇ ಲೆಕ್ಕ ಹಾಕಿದ. ಓಡಿದರೆ ಬೆಳೆಯುತ್ತದೆ, ಈಗ ಬೆಳೆದಿದೆ, ಅಂದರೆ ಓಡಿದೆ. ಯಾರೋ ಓಡಿಸಿದ್ದಾರೆ. ಬೀಗರು ಹಾಗೆಯೇ ಅನ್ನುತ್ತಾರೆ. ನಂಬಿ ಬಿಟ್ಟ ಗಾಡಿಯನ್ನು ಊರೆಲ್ಲ ಓಡಿಸಿದ ಮನೆಯಿಂದ ಹೆಣ್ಣು ತರುವುದು ಬೇಡ ಎನ್ನುತ್ತಾರೆ. ಶರಣಬಸಮ್ಮನ ಲಗ್ನ ಎರಡು ಬೆರಳಿಗೆ ಮುರಿದುಬೀಳುವುದು ಅವನ ಕಣ್ಣಿಗೆ ಕಟ್ಟಿತು.

ಮೊದಲು ಸಂಶಯ ಹೋದದ್ದು ಟಾಂಗಾದ ಬಾಬುಮಿಯಾನ ಮೇಲೆ. ಗಾಲಿಯ ಮೇಲೆ ಹೊಟ್ಟೆ ಹೊರೆಯುವವನು ಅವನೊಬ್ಬನೇ.

"ಬಾಬುಮಿಯಾ, ಖರೇ ಹೇಳು. ನಮ್ಮ ಹಿತ್ತಲದಾಗಿನ ಫಟ್‌ಫಟಿ ನೀ ಓಡಿಸೀ?"

"ತೋಬಾ ತೋಬಾ ಸಾವಕಾರ! ನನ್ನ ಕುದುರಿನೇ ನನ್ನ ಮಾತ ಕೇಳಂಗಿಲ್ಲ, ಅದೇನ್ ಕೇಳತದ?" ಎಂದು ಬಾಬುಮಿಯಾ ಕಿವಿ ಹಿಡಿದುಕೊಂಡ. ವಿಷಯ ತಿಳಿದ ಮೇಲೆ ಚೈನನ್ನು ಕೈಯಲ್ಲಿ ಹಿಡಿದು ತೂಗಿ, ಮೂಸಿ ನೋಡಿದ. "ದಿನಾ ಎಣ್ಣಿ ಹಾಕ್ತೀರಿ?"

"ದಿನಾ ಹಾಕ್ತೀನಿ."

"ಅದಕ್ಕೇ ಮತ್ತ. ಕೆಲಸಿಲ್ಲ, ಕುಂತಲ್ಲೇ ಎಣ್ಣಿ. ಕುದುರಿಗೆ ಹಿಂಗ ತಿನಸಿದ್ರ ಬೆಳೀತದಲ್ರಿ? ಎರಡ ದಿನ ಉಪಾಸ ಕೆಡವ್ರಿ."

ಚಿಂತೆ ಹತ್ತಿದ ಮನುಷ್ಯನಿಗೆ ಎಲ್ಲ ಮಾತೂ ಅರ್ಥವಾಗುತ್ತದೆ. ಸೂಗಪ್ಪ ಎರಡು ದಿನ ಚೈನಿಗೆ ಉಪವಾಸ ಹಾಕಿದ. ಬಾಬುಮಿಯಾ ಆ ಎರಡು ದಿನವೂ ಸ್ಟೇಷನ್ನಿಗೆ ಹೋಗಿಬರುವ ಪ್ರತಿಯೊಬ್ಬನಿಗೂ, ಸಾವಕಾರರ ಮನೆಯಲ್ಲಿ ಕಬ್ಬಿಣ ಬೆಳೆಯುತ್ತಿದೆ ಎಂದು ಹೇಳಿದ.

ಮೂರನೆಯ ದಿನ ಪೊಲೀಸ್ ಠಾಣೆಯ ಅಮೀನ್ ಸಾಹೇಬರೇ ಅಂಗಡಿಗೆ ಬಂದರು. ಹಿಂದೆ ಒಬ್ಬ ಜವಾನ, ಅವನ ಹೆಗಲ ಮೇಲೆ ಒಂದು ಮಣಭಾರದ ಸರಪಳಿ. ಸೂಗಪ್ಪನಿಗೆ ಆ ಸರಪಳಿ ತನಗೇ ತಂದದ್ದೆಂದು ಅನಿಸಿತು.

"ಕ್ಯೋಂ ಸೂಗಪ್ಪ, ನಿಮ್ಮ ಮನ್ಯಾಗ ಕಬ್ಬಿಣ ಬೆಳೀತದಂತ, ಖರೇನು?"

"ನಾ ಏನೂ ಮಾಡಿಲ್ರಿ ಹುಜೂರ್! ತಾನೇ ಬೆಳೀಲಿಕತ್ತದ್ರಿ! ನಾ ಭಾಳ ಬ್ಯಾಡ ಅಂದೆ!"

"ಘಾಬರಿ ಆಗಬ್ಯಾಡ." ಸಾಹೇಬರು ದನಿ ತಗ್ಗಿಸಿದರು. "ನಮ್ಮ ಠಾಣೆ ಬಾವ್ಯಾಗ ನೀರ ಕೆಳಗ ಹೋಗ್ಯದ. ಕೊಡದ ಸರಪಳಿ ಒಂದು ಮೊಳ ಸಾಲವಲ್ದು. ಹೊಸಾದು ಕೇಳಿ ಮ್ಯಾಲ ಬರದ್ರ ಬರೂದರಾಗ ಮಳಿಗಾಲ ಬರ್ತದ. ನಿನ್ನ ಮನ್ಯಾಗ ಒಂದು ತಿಂಗಳು ಇರ್ಲಿ. ಮೊಳ ಬೆಳದ ಕೂಡ್ಲೇ ಹೇಳಿ ಕಳಸು. ಹೆಚ್ಚು ಬೆಳಸಬ್ಯಾಡ, ಹುಷಾರ್."

ಜವಾನ ಸರಪಳಿಯನ್ನು ಗಾದಿಯ ಪಕ್ಕ ಧೊಪ್ಪನೆ ಇಳಿಸಿದ. ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಅಮೀನ್ ಸಾಹೇಬರ ಸರಪಳಿ ಒಳಗೆ ಹೋದದ್ದನ್ನು ನೋಡಿ ಗುಂಡಮ್ಮ ಮೊಮ್ಮಗನ ತೊಟ್ಟಿಲ ಸರಪಳಿ ಹಿಡಿದು ಬಂದಳು. ಜಂತೆಗೆ ಗೇಣು ಸಾಲದು ಎಂದಳು. ಹೋಗುವಾಗ ಫಕೀರಸಾಬನ ಮುಂದೆ ನಿಂತು ಕೈ ಕುಣಿಸಿದಳು.

"ನೋಡಿ ಕಲಿಯೋ ದರ್ಜಿ! ಸಾವಕಾರನ ಮನ್ಯಾಗ ಕಬ್ಬಿಣ ಬೆಳೀತದ. ನಿನ್ನ ಕೈಯಾಗ ನನ್ನ ಬಟ್ಟಿ ಕುಗ್ಗತದ!"

ಫಕೀರಸಾಬ ತಲೆ ತಗ್ಗಿಸಿದ. ಕೊರಳಲ್ಲಿದ್ದ ಅಳತೆಯ ಟೇಪು ಎದೆಯ ಮೇಲೆ ಜೋತಾಡಿತು.

ಆದರೆ 'ಕುಗ್ಗತದ' ಎಂಬ ಮಾತು ಗಾದಿಯ ಮೇಲಿದ್ದ ಸೂಗಪ್ಪನ ತಲೆಯೊಳಗೆ ಹೊಕ್ಕು ಕೂತಿತು. ಕುಗ್ಗಿಸುವುದು ಅವನಿಗೆ ಗೊತ್ತಿಲ್ಲದ ವಿದ್ಯೆಯೇ? ಮೂರು ತಲೆಮಾರಿನಿಂದ ಗಿರಾಕಿಗಳಿಗೆ, ಹೊಲಿಸುವ ಮೊದಲು ನೀರಿಗೆ ಹಾಕಿ ತೆಗೆಯಿರಿ, ಎಷ್ಟು ಕುಗ್ಗುವುದೋ ಅಷ್ಟು ಕುಗ್ಗಿಬಿಡಲಿ ಎಂದು ಹೇಳುತ್ತ ಬಂದವರು ಅವರು. ಇಷ್ಟು ಸುಲಭದ ಉಪಾಯ ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡು ಹಿತ್ತಲಿಗೆ ಓಡಿದ. ಹಂಡೆಯ ತುಂಬ ನೀರು ತುಂಬಿಸಿ ಚೈನನ್ನು ಮುಳುಗಿಸಿದ. ಬಣ್ಣದ ಬಟ್ಟೆಗೆ ಉಪ್ಪು ಹಾಕಿದರೆ ಬಣ್ಣ ಬಿಡುವುದಿಲ್ಲ. ಚೈನಿಗೂ ಒಂದು ಬಣ್ಣವಿದೆಯಲ್ಲ ಎಂದು ಎರಡು ಹಿಡಿ ಉಪ್ಪನ್ನೂ ಹಾಕಿದ.

ಮರುದಿನ ಚೈನನ್ನು ನೀರಿನಿಂದ ತೆಗೆದುಕೊಂಡು ಅಳೆದ. ತೆಗೆದುಕೊಳ್ಳುವ ಕೈ ಅದು. ಸರಿಯಾಗಿ ಒಂದೂವರೆ ಗಜ!

ಸೂಗಪ್ಪನ ಕಣ್ಣಲ್ಲಿ ನೀರು ಬಂತು. "ಕುಗ್ತು! ಶರಣು, ಬಾರವ್ವ ಇಲ್ಲಿ, ನಿನ್ನ ಲಗ್ನ ಉಳೀತು!" ಎಂದು ಮಗಳನ್ನು ಕರೆದ. ತಗೋ ನೋಡು ಎಂದು ಅವಳ ಮುಂದೆ ಮತ್ತೊಮ್ಮೆ ಅಳೆದು ತೋರಿಸಿದ. ಎರಡು ಬೆರಳು ಹೆಚ್ಚು.

"ಗಾಳಿ ತಾಗಿದ ಕೂಡ್ಲೇ ಮತ್ತ ಬೆಳೀತಲ್ಲವ್ವ!"

ಶರಣಬಸಮ್ಮ ಚೈನನ್ನು ಬಿಟ್ಟು ಅಪ್ಪನ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಸೂಗಪ್ಪ ಚೈನನ್ನು ಮತ್ತೆ ಹಂಡೆಗೆ ಹಾಕಿ, ಇನ್ನೆರಡು ಹಿಡಿ ಉಪ್ಪು ಸುರಿದು ಆಗಿತ್ತು.

ಹೀಗೆ ಚೈನು ಮುಳುಗುವುದು, ಕುಗ್ಗುವುದು, ಏಳುವುದು, ಬೆಳೆಯುವುದು ಹುಣ್ಣಿಮೆಯವರೆಗೂ ನಡೆಯಿತು. ಬೆಳೆಯುವುದರ ಜೊತೆಗೆ ಅದು ಈಗ ಕೆಂಪಗೂ ಆಗತೊಡಗಿತು. ತುಕ್ಕು ಕೊಂಡಿಕೊಂಡಿಗೂ ಹಬ್ಬಿ, ಚೈನು ಎತ್ತಿದರೆ ಕರಕರ ಎಂದು ನರಳುತ್ತಿತ್ತು. ಸೂಗಪ್ಪನ ಊಟ ಅರ್ಧವಾಯಿತು, ಮಾತು ಕಾಲಾಯಿತು. ಗಿರಾಕಿ ಬಂದು ಖಣ ಕೇಳಿದರೆ ಲಂಗೋಟಿಯ ಬಟ್ಟೆ ತೆಗೆದುಕೊಡುತ್ತಿದ್ದ. "ದೇವರೇ, ಎರಡ ಬಟ್ಟು ಇಳಸಪ್ಪ, ನನ್ನ ಮಗಳ ಬಾಳಿನ ಪ್ರಶ್ನಿ" ಎಂದು ಹಂಡೆಯ ಮುಂದೆ ಕೈ ಮುಗಿಯುವುದನ್ನು ನೋಡಿ ನೀಲಾಬಾಯಿಗೆ ಸಿಟ್ಟೂ ಬಂತು, ಅಳುವೂ ಬಂತು.

ಸಂತೆಯ ದಿನ ಬಂತು. ಪೇಟೆ ತುಂಬಿತ್ತು. ಕಟ್ಟೆಯ ಮೇಲೆ ಗುಂಡಮ್ಮ ತೊಟ್ಟಿಲ ಸರಪಳಿ ಎಷ್ಟು ಬೆಳೆದಿದೆ ಎಂದು ವಿಚಾರಿಸಲು ಬಂದು ಕೂತಿದ್ದಳು. ಅಮೀನ್ ಸಾಹೇಬರ ಜವಾನನೂ ಅದೇ ಕೆಲಸಕ್ಕೆ ಬಂದಿದ್ದ. ಸೂಗಪ್ಪ ಹಿತ್ತಲಲ್ಲಿ ಹಂಡೆಗೆ ತಲೆ ತೂರಿಸಿದ್ದ. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಟಾಂಗಾ ನಿಂತ ಸದ್ದು, ಒಳಗೆ ಬರುವ ಹೆಜ್ಜೆಯ ಸದ್ದು ಕೇಳಿತು.

ಸೂಗಪ್ಪ ತಲೆಯೆತ್ತದೆ ಕೂಗಿದ. "ಬಾಬುಮಿಯಾ! ಕಾಲ ಬೀಳ್ತೀನಿ, ಬೀಗರು ಬರೂದರಾಗ ಎಲ್ಲೇರೆ ಒಂದು ಹೊಸ ಚೈನು ಸಿಗತದೇನು ನೋಡೋ!"

"ನಾನೇ ತಂದೀನ್ರಿ ಬೀಗರ" ಎಂದ ಅಮೃತಪ್ಪ.

ಹಂಡೆಯ ನೀರು ಒಮ್ಮೆ ಗುಳುಗುಳು ಎಂದಿತು. ಸೂಗಪ್ಪ ತಲೆ ಎತ್ತಿದಾಗ ಗಡ್ಡದಿಂದ ಉಪ್ಪುನೀರು ಇಳಿಯುತ್ತಿತ್ತು. ಎದುರಿಗೆ ಬೀಗರು. ಅವರ ಕೈಯಲ್ಲಿ ಎಣ್ಣೆ ಕಾಗದದ ಒಂದು ಪೊಟ್ಟಣ. ಹೈದರಾಬಾದಿನವರೆಗೂ ಸುದ್ದಿ ಮುಟ್ಟಿದೆ, ಅದಕ್ಕೇ ಹೊಸ ಚೈನು ಹಿಡಿದು ಬಂದಿದ್ದಾರೆ ಎಂದು ಸೂಗಪ್ಪನಿಗೆ ಖಾತ್ರಿಯಾಯಿತು. ತುಕ್ಕಿನ ಚೈನನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಗೆ ಬಂದು, ಬೀಗರ ಕಾಲ ಬಳಿ ಇಟ್ಟ.

"ಬೀಗರ, ನನ್ನ ಹೊಡೀರಿ, ಬಡೀರಿ. ಆದ್ರ ನನ್ನ ಮಗಳ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ನನ್ನ ಕೈಯಾಗ ಇದು ಎರಡ ಬಟ್ಟು ಬೆಳೀತು. ಲಿಂಗ ಮುಟ್ಟಿ ಹೇಳ್ತೀನಿ, ಯಾರೂ ಓಡಿಸಿಲ್ಲ."

ಅಮೃತಪ್ಪ ತುಕ್ಕು ನೋಡಿದ, ಬೀಗರನ್ನು ನೋಡಿದ. "ನಿಂತ ಗಾಡ್ಯಾಗ ಚೈನು ಬೆಳೀತಾ? ಹ್ಯಾಂಗ ಗೊತ್ತಾತ್ರಿ ನಿಮಗ?"

"ನನ್ನ ಗಜದ್ಲೆ ಅಳದೀನ್ರಿ. ಬರೂ ಮುಂದ ಅಳದೀನಿ, ಕೊಡೂ ಮುಂದ ಅಳದೀನಿ."

"ಎಲ್ಲಿ, ನನ್ನ ಮುಂದ ಅಳೀರಿ ನೋಡೋಣು."

ಸಂತೆಯ ಜನ ಕಟ್ಟೆಗೆ ಮುತ್ತಿದರು. ಸೂಗಪ್ಪ ಚೈನನ್ನು ಬೀಗರಿಂದ ತೆಗೆದುಕೊಂಡು ಅಳೆದ. ಒಂದೂವರೆ ಗಜ. "ಇದು ಬಂದಾಗಿನ ಅಳತಿ ಬಂತಲ್ಲ!" ಎಂದು ತಾನೇ ಬೆರಗಾದ. "ತಗೋರಿ ಬೀಗರ, ನೀವೇ ನೋಡ್ರಿ" ಎಂದು ಅವರಿಗೆ ಕೊಡುತ್ತ ಮತ್ತೆ ಅಳೆದ. ಒಂದೂವರೆ ಗಜ, ಎರಡು ಬೆರಳು.

"ಇನ್ನೊಮ್ಮೆ ಅಳೀರಿ."

ತೆಗೆದುಕೊಂಡ, ಒಂದೂವರೆ. ಕೊಟ್ಟ, ಎರಡು ಬೆರಳು ಹೆಚ್ಚು. ಬಾಬುಮಿಯಾ ಬಾಯಿ ತೆರೆದುಕೊಂಡು, "ನೋಡ್ರಪ್ಪಾ, ಕಣ್ಣ ಮುಂದ ಬೆಳೀಲಿಕತ್ತದ!" ಎಂದು ಕೂಗಿದ. ಆದರೆ ಉಳಿದ ಯಾರೂ ಕೂಗಲಿಲ್ಲ. ಸಂತೆಯಲ್ಲಿ ನಿಂತವರೆಲ್ಲ ಸೂಗಪ್ಪನ ಗಿರಾಕಿಗಳು. ಅವರ ಕಣ್ಣು ಮೆಲ್ಲಗೆ ಚೈನು ಬಿಟ್ಟು ಹೆಬ್ಬೆರಳಿನ ಮೇಲೆ ಬಂದು ನಿಂತಿತ್ತು.

ಒಳಬಾಗಿಲಿನಿಂದ ಶರಣಬಸಮ್ಮನ ದನಿ ಬಂತು.

"ಅಪ್ಪಾ, ಫಕೀರಸಾಬ ಕಾಕಾನ ಕೈಲೆ ಒಮ್ಮೆ ಅಳಸು. ಟೇಪಿಲೆ."

ಫಕೀರಸಾಬ ಎದ್ದ. ಕೊರಳಿನ ಟೇಪು ತೆಗೆದು ಚೈನಿನ ಪಕ್ಕದಲ್ಲಿ ಈ ತುದಿಯಿಂದ ಆ ತುದಿಗೆ ಹಾಸಿದ. ಐವತ್ತೈದು ಇಂಚು. ಆ ತುದಿಯಿಂದ ಈ ತುದಿಗೆ ಹಾಸಿದ. ಐವತ್ತೈದು ಇಂಚು. ಬೀಗರಿಗೆ ಕೊಟ್ಟು ಅಳೆದ, ಬೀಗರಿಂದ ತೆಗೆದುಕೊಂಡು ಅಳೆದ. ಕಬ್ಬಿಣ ಇದ್ದಷ್ಟೇ ಇತ್ತು, ಒಂದೂವರೆ ಗಜದ ಮೇಲೆ ಒಂದೇ ಬೆರಳು.

ಗುಂಡಮ್ಮ ತನ್ನ ಕುಬಸದ ಗಿಡ್ಡ ತೋಳನ್ನು ನೋಡಿಕೊಂಡಳು, ಗಜದ ಕೋಲನ್ನು ನೋಡಿದಳು, ಕೊನೆಗೆ ಫಕೀರಸಾಬನನ್ನು ನೋಡಿದಳು.

"ಸೂಗಪ್ಪಣ್ಣ," ಎಂದಳು ಮೆಲ್ಲಗೆ, "ನನ್ನ ಬಟ್ಟಿ ಯಾವ ಕೈಲೆ ಅಳದಿದ್ದಿ?"

ಸೂಗಪ್ಪ ತನ್ನ ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದುಕೊಂಡು ಹೊಸದಾಗಿ ನೋಡಿದ. ಅವನಿಗೆ ಈಗಷ್ಟೇ ತಿಳಿಯಿತು. ತಿಳಿದದ್ದು ಮುಖಕ್ಕೆ ಏರಿತು, ಮುಖ ಸುಟ್ಟುಹೋಯಿತು. ಹತ್ತು ವರ್ಷ ಎದುರಿಗೆ ಕೂತು, ಕಳ್ಳ ಕಳ್ಳ ಎಂದು ಜನ ಅನ್ನುವುದನ್ನು ಕೇಳಿಸಿಕೊಂಡು, ಪಾಪ ಬಡವ ಹೋಗಲಿ ಎಂದು ತಾನು ದೊಡ್ಡಸ್ತಿಕೆಯಿಂದ ಕ್ಷಮಿಸುತ್ತಿದ್ದ ಫಕೀರಸಾಬ, ಟೇಪನ್ನು ಮಡಚುತ್ತ ನಿಂತಿದ್ದ.

"ನಾ ಹೇಳಿದ್ರ ಯಾರು ನಂಬ್ತಿದ್ರಿ ಸಾವಕಾರ" ಎಂದ ಅವನು.

ಗುಂಡಮ್ಮ ಎದ್ದು ಹೋಗಿ ಅವನ ಮುಂದೆ ನಿಂತಳು. ಜಗಳಕ್ಕೆ ಮಾತ್ರ ನಿಂತು ಅಭ್ಯಾಸವಿದ್ದ ಜಾಗ ಅದು. "ಹೊಲಗಿ ಏನೋ ಚಂದ ಹಾಕ್ತೀಯಪ್ಪ" ಎಂದಳು. ಕಣ್ಣೊರೆಸಿಕೊಂಡು ಬಂದು ಮತ್ತೆ ಕೂತಳು.

ಸೂಗಪ್ಪ ಗಾದಿಯಿಂದ ಕೆಳಗಿಳಿದು ಫಕೀರಸಾಬನ ಕೈ ಹಿಡಿದ. ಅಂಗಡಿಯ ಮಾನ ಹೋಯಿತು, ಇನ್ನು ಮಗಳ ಲಗ್ನವೂ ಹೋಯಿತು ಎಂದುಕೊಂಡು ಬೀಗರ ಕಡೆ ತಿರುಗಿದ. ಅಮೃತಪ್ಪ ಪೊಟ್ಟಣ ಬಿಚ್ಚಿ ಹೊಸ ಚೈನು ತೆಗೆಯುತ್ತಿದ್ದ. ಅವನ ಮುಖವೂ ಅಷ್ಟೊಂದು ಚೆನ್ನಾಗಿರಲಿಲ್ಲ.

"ಬೀಗರ, ನಂದೂ ಒಂದು ಅದ. ನೀವು ಇಷ್ಟು ಮಂದಿ ಮುಂದ ನಿಂತ ಮ್ಯಾಲ ನಾ ಮುಚ್ಚಿಡೂದು ಚಂದಲ್ಲ." ಅವನು ಎರಡು ಚೈನುಗಳನ್ನೂ ಪಕ್ಕಪಕ್ಕ ಹಾಸಿದ. ಹಳೆಯದು ಒಂದು ಇಂಚು ಉದ್ದ. "ಇದು ಬೆಳದದ್ದು ಖರೇ. ಆದ್ರ ನಿಮ್ಮ ಹಿತ್ತಲದಾಗ ಬೆಳದದ್ದಲ್ಲ. ಒಂದು ದಿನ ಎಣ್ಣಿ ಮುಖ ತೋರಿಸ್ದೆ ಕಲ್ಲಿನ ಧೂಳಿನ್ಯಾಗ ನಾನೇ ಓಡಸಿ ಬೆಳಸೀನಿ. ಅವತ್ತು ಚಿತ್ತಾಪುರದಿಂದ ಈ ಕಡಿ ಹತ್ತು ಸಲ ಹಲ್ಲಿನ ಮ್ಯಾಲಿಂದ ಜಿಗೀತು. ಅರ್ಧ ದಾರಿ ನೂಕಿಕೊಂಡು ಬಂದೆ. ಬೀಗರ ಮುಂದ ಹೆಂಗ ಹೇಳ್ಲಿ? ಅದಕ್ಕ ಕೂಸು ಗೀಸು ಅಂತ ಕತಿ ಹೊಡದು ಬಿಟ್ಟು ಹೋದೆ."

ಸೂಗಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. "ಹಂಗಾದ್ರ… ಸಕ್ಕರಿ?"

"ಸಕ್ಕರಿ ಇವತ್ತೇ ಹಂಚ್ರಿ. ಇಷ್ಟು ಮಂದಿ ಮುಂದ ಅಪ್ಪನ ಕೈ ಬಿಟ್ಟು ಟೇಪು ಕೇಳೋ ಹುಡುಗಿ ನಮ್ಮ ಮನಿಗೆ ಬೇಕ್ರಿ. ಜವಳಿನೂ ನಿಮ್ಮ ಅಂಗಡೀದೇ." ಅಮೃತಪ್ಪ ಟೇಪಿನ ಕಡೆ ಕೈ ಮಾಡಿದ. "ಅಳಿಯೂದು ಮಾತ್ರ ಫಕೀರಸಾಬ."

ಜನ ಗೊಳ್ಳೆಂದು ನಕ್ಕರು. ಬಾಬುಮಿಯಾ ಹಿಂದಿನಿಂದ, "ಮಾಲಕ್, ಟೇಪು ಹಂಗೇ ಶಾಬಾದಕ್ಕೂ ಒಯ್ಯಲೇನ್ರಿ, ನಿಮ್ಮ ಫರಸಿ ಅಳ್ಯಾಕ?" ಎಂದು ಕೇಳಿದ. ಅಮೃತಪ್ಪನಿಗೆ ಹೊತ್ತು ಬಹಳವಾದದ್ದು ಆಗ ನೆನಪಾಯಿತು. ಅವನು ಗಡಿಬಿಡಿಯಿಂದ ಹಿತ್ತಲಿಗೆ ಹೋಗಿ ಹೊಸ ಚೈನು ಏರಿಸತೊಡಗಿದ.

ಲಗ್ನ ಚೆನ್ನಾಗಿಯೇ ಆಯಿತು. ಗುಂಡಮ್ಮನ ಕುಬಸದ ತೋಳು ಮೊಣಕೈ ಮುಟ್ಟಿತು. ಠಾಣೆಯ ಸರಪಳಿ ಬೆಳೆಯದೆ ವಾಪಸು ಹೋಯಿತು. ಸೂಗಪ್ಪನ ಕೈಯಲ್ಲಿ ದೋಷವಿದೆ ಎಂದು ಅಮೀನ್ ಸಾಹೇಬರು ಬಹಳ ದಿನ ಹೇಳುತ್ತಿದ್ದರು. ಹಳೆಯ ಚೈನನ್ನು ಮಾತ್ರ ಅಮೃತಪ್ಪ ಒಯ್ಯಲಿಲ್ಲ. ಗುಂಡಮ್ಮ ಅದನ್ನು ಒಯ್ಯಲು ಬಿಡಲಿಲ್ಲ. ಕಟ್ಟೆಯ ಕಂಬಕ್ಕೆ ಮೊಳೆ ಹೊಡೆಸಿ ಅಲ್ಲೇ ತೂಗುಹಾಕಿಸಿದಳು. ಅಂದಿನಿಂದ ಬಟ್ಟೆಗೆ ಬಂದವರು ಬಟ್ಟೆಗೆ ಕೈ ಹಚ್ಚುವ ಮೊದಲು, "ಸಾವಕಾರ, ಮೊದ್ಲ ಚೈನು ಅಳೀರಿ" ಎನ್ನತೊಡಗಿದರು. ಸೂಗಪ್ಪ ಗಜದ ಕೋಲಿನಿಂದ ಅಳೆಯಬೇಕು, ಫಕೀರಸಾಬ ನೋಡಬೇಕು, ಐವತ್ತೈದು ಇಂಚಿನ ಗುರುತಿಗೆ ಸರಿಯಾಗಿ ಬರಬೇಕು. ಆಮೇಲೆ ವ್ಯಾಪಾರ.

ಒಂದು ಚೈನು ಎಷ್ಟು ದಿನ ಬಾಳುತ್ತದೆ ಎಂದು ಸೂಗಪ್ಪ ಕೇಳಿದ್ದ. ಶಹಾಬಾದದ ದಾರಿಯಲ್ಲಿ ಅಮೃತಪ್ಪನ ಗಾಡಿಗೆ ಆಮೇಲೆ ನಾಲ್ಕು ಚೈನು ಬಂದು ನಾಲ್ಕೂ ಹೋದವು. ಕಂಬಕ್ಕೆ ತೂಗಿದ್ದು ಹಾಗೇ ಇತ್ತು. ಅದರ ತುಕ್ಕು ಬಿಡಿಸಿದವನು ಸೂಗಪ್ಪನೇ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಚಿಮಣಿ ಎಣ್ಣೆಯಿಂದ ಒರೆಸಿ, ಒಣಗಿಸಿ, ಫಕೀರಸಾಬನ ಎಣ್ಣೆಬುಡ್ಡಿಯಿಂದ ಕೊಂಡಿಕೊಂಡಿಗೆ ಹನಿ ಬಿಟ್ಟು, ಧೂಳು ಕೂಡದಂತೆ ಬಟ್ಟೆ ಮುಚ್ಚುತ್ತಿದ್ದ. ಇದನ್ನು ಮಾಡುವಾಗ ಅವನ ಹಣೆಯ ಮೇಲೆ ಬೆವರು ನಿಲ್ಲುತ್ತಿತ್ತು. ಯಾಕೆಂದರೆ ಈಗ ಅದು ನಿಜವಾಗಿಯೂ ಒಂದು ಕೂದಲೆಳೆ ಬೆಳೆದರೂ, ಚೈನೇ ಬೆಳೆಯಿತು ಎಂದರೆ ಸೇಡಂನಲ್ಲಿ ನಂಬುವವರು ಒಬ್ಬರೂ ಇರಲಿಲ್ಲ.